ಆಕಾಶ್ ಚೌಕಿಯ ರಾಮಯ್ಯ ಮತ್ತು ನಾವು ಹೊದಿಸಿದ ಶಾಲು

ಪ್ರೀತಿಯ ದಸ್ತಗೀರ್ ಭಾಯಿ,

ಕಳೆದ ಭಾನುವಾರ ಸಂಜೆ, ಮಾಟುಂಗದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ, ನಿಮ್ಮ ರಾಮಯ್ಯನಿಗೆ ಅವಮಾನವಾಯಿತು. ಮಾಡಿದವರು ಬೇರೆಯವರು. ಅವರಿಗೆ ಶಾಲು ಹೊದಿಸಿದವನು ನಾನು. ನೀವು ತೀರಿಹೋದ ಮೇಲೆ ನಿಮಗೆ ಬರೆಯುವ ಮೊದಲ ಕಾಗದ ಇದು. ಒಳ್ಳೆಯ ಸುದ್ದಿಯಿಂದ ಶುರುಮಾಡಬೇಕೆಂದು ಎಷ್ಟು ಆಸೆಯಿತ್ತು...

ಕಾಂದಿವಲಿಯ ಚಾಳಿನಲ್ಲಿ ನಮ್ಮ ಖೋಲಿಯ ಟೀವಿಯ ಮುಂದೆ ಭಾನುವಾರ ಬೆಳಿಗ್ಗೆ ಸೇರುತ್ತಿದ್ದ ಜನ ನೆನಪಿದೆಯೆ? ‘ಆಕಾಶ್ ಚೌಕಿ’ ಧಾರಾವಾಹಿ ಶುರುವಾದರೆ ನಲ್ಲಿಯ ಹತ್ತಿರವೂ ಯಾರೂ ಇರುತ್ತಿರಲಿಲ್ಲ. ಭೂಮಿಯಿಂದ ಬಹುದೂರ, ನಕ್ಷತ್ರಗಳ ನಡುವೆ, ಹೋಗಿ ಬರುವ ನೌಕೆಗಳಿಗೆ ದಾರಿ ತೋರಿಸುವ ಒಂದು ಠಾಣೆ. ಅದರೊಳಗೆ ಬೆರಳೆಣಿಕೆಯ ಮನುಷ್ಯರು. ಗ್ರಹಗಳು ಥರ್ಮಾಕೋಲಿನವು, ನೌಕೆಯನ್ನು ಎಳೆಯುವ ದಾರವೂ ಕಾಣುತ್ತಿತ್ತು. ಯಾರಿಗೆ ಬೇಕಿತ್ತು ಅದು? ನಿಮ್ಮ ತಾಯಿಗೂ ಚಾಳಿನ ಗೌಂಡಿಗಳ ಮನೆಯ ಹೆಂಗಸರಿಗೂ ಹಿಂದಿ ತಿಳಿಯದೆಂದು ನೀವು ಟೀವಿಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದಿರಿ.

“ಏ ದಸ್ತ್ಯಾ, ಆ ಚೌಕ್ಯಾಗ ನೀರು ಎಷ್ಟೊತ್ತಿಗೆ ಬರ್ತೈತೋ?” ಅಂತ ನಿಮ್ಮ ಅಮ್ಮ ಕೇಳಿದ್ದರು.

“ಹಗಲೂ ರಾತ್ರಿ ಬರ್ತೈತಿ ಅಮ್ಮಾ.”

“ಹಂಗಾದ್ರ ಅಲ್ಲೇ ಒಂದು ಖೋಲಿ ನೋಡು!”

ಠಾಣೆಯ ಯಂತ್ರ ನೋಡಿಕೊಳ್ಳುವ ರಾಮಯ್ಯ ಮೊದಲು ಬಂದ ದಿನ ನೀವು ಹೇಳುವುದನ್ನೇ ನಿಲ್ಲಿಸಿಬಿಟ್ಟಿರಿ. ಅಲ್ಲಿಯವರೆಗೆ ಹಿಂದಿಯ ಪರದೆಯ ಮೇಲೆ ದಕ್ಷಿಣದವನು ಬಂದನೆಂದರೆ ಜನ ನಗಲು ತಯಾರಾಗುತ್ತಿದ್ದರು. ನಾವೂ ತಲೆತಗ್ಗಿಸಿ ಕಾಯುತ್ತಿದ್ದೆವು. ಈ ರಾಮಯ್ಯ ನಿಧಾನವಾಗಿ, ಸರಿಯಾಗಿ ಮಾತಾಡಿದ. ಠಾಣೆಯ ಗಾಳಿ ಸೋರಿ, ಕಪ್ತಾನನೇ ಧೈರ್ಯಗೆಟ್ಟು ಕೂತಾಗ, ಅವನ ಹೆಗಲ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದ. ಆಗ ನೀವು ಆ ಮಾತನ್ನು ಕನ್ನಡಕ್ಕೆ ತಂದಿರಿ: “ಅಂಜಬ್ಯಾಡ್ರಿ, ನಾ ಅದೇನಿ ಅಂತಾನ.” ಆಮೇಲೆ ನನ್ನತ್ತ ತಿರುಗಿ, “ಮಾಸ್ತರ, ನಮ್ಮಂವ ರೀ ಇಂವ!”

ಬಾಂದ್ರಾದ ಮಾರ್ಕೆಟ್ಟಿನಲ್ಲಿ ನಿಮ್ಮ ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳು ನಿಮ್ಮನ್ನು “ಏ ಮದ್ರಾಸಿ” ಎಂದು ಕೂಗುತ್ತಿದ್ದರಲ್ಲ. ನೀವು ವಿಜಾಪುರದವರೆಂದು ಎಷ್ಟು ಸಲ ಹೇಳಿದರೂ ಅಷ್ಟೇ. ಆ ವಾರ ಒಬ್ಬ ಬಂದು, “ರಾಮಯ್ಯ ಭಾಯಿ, ಕುರ್ತಾ ತಯಾರ್ ಹೈ ಕ್ಯಾ?” ಎಂದನಂತೆ. ಅದನ್ನು ನನಗೆ ಹೇಳಲೆಂದು ನೀವು ಸ್ಟೇಷನ್ನಿನಿಂದ ಸೀದಾ ನಮ್ಮ ಖೋಲಿಗೆ ಬಂದಿರಿ. ಭಾಯಿ ಎಂಬ ಆ ಒಂದು ಮಾತಿಗೆ ನಿಮ್ಮ ಮುಖ ಹೇಗೆ ಅರಳಿತ್ತು...

ಅದೇ ಧಾರಾವಾಹಿಯನ್ನು ಹೊಸದಾಗಿ ಮಾಡಿದ್ದಾರೆಂದು ಸಂಘಕ್ಕೆ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ನಾನು. ಮೊದಲ ಕಂತನ್ನು ದೊಡ್ಡ ಪರದೆಯಲ್ಲಿ ತೋರಿಸೋಣ ಎಂದೆ. ಜೈತುನ್ ಭಾಬಿಯನ್ನು ನಿಮ್ಮ ಮನೆಗೇ ಹೋಗಿ ಕರೆದೆ, ಮುಂದಿನ ಸಾಲಿನಲ್ಲಿ ಕೂರಿಸಿದೆ. ನಮ್ಮ ಸಂಘದ ಪದ್ಧತಿ ನಿಮಗೆ ಗೊತ್ತಲ್ಲ: ಅತಿಥಿ ಬಂದರೆಂದರೆ ಮೊದಲು ಶಾಲು, ಹಾರ, ಹಣ್ಣಿನ ಬುಟ್ಟಿ, ಮಿಕ್ಕದ್ದೆಲ್ಲ ಆಮೇಲೆ. ಧಾರಾವಾಹಿಯ ಕಡೆಯಿಂದ ಬಂದಿದ್ದ ಯುವಕನಿಗೆ, ಒಂದು ದೃಶ್ಯವನ್ನೂ ನೋಡುವ ಮೊದಲೇ, ಸನ್ಮಾನ ಮಾಡಿಬಿಟ್ಟೆವು. ಚಪ್ಪಾಳೆ, ಫೋಟೋ. ದೀಪ ಆರಿತು.

ಹೊಸ ರಾಮಯ್ಯ ಲುಂಗಿಯಲ್ಲಿದ್ದ, ಭಾಯಿ. ಮಾತಿಗೊಂದು ಅಯ್ಯಯ್ಯೋ. ಇಂಜಿನ್ನಿನ ಬಿಸಿಯಲ್ಲಿ ಸಾಂಬಾರು ಕುದಿಸುತ್ತಿದ್ದ. ಗಾಳಿ ಸೋರುವ ಆ ದೃಶ್ಯ ಇದರಲ್ಲೂ ಇದೆ. ಅದರಲ್ಲಿ ಅವನು ಮೇಜಿನ ಕೆಳಗೆ ಅವಿತುಕೊಂಡು ಅಳುತ್ತಾನೆ. ಕಪ್ತಾನ ಅವನ ಲುಂಗಿ ಹಿಡಿದು ಹೊರಗೆಳೆಯುತ್ತಾನೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಯಾರ ಸಭಾಂಗಣ? ನಮ್ಮದೇ. ನಕ್ಕ ಮಕ್ಕಳು ಯಾರ ಮಕ್ಕಳು?

ಭಾಬಿ ನಗಲಿಲ್ಲ. ನನ್ನ ಕಡೆ ಬಗ್ಗಿ, “ಮಾಸ್ತರ, ಇವರು ದಿನಾ ಹೇಳ್ತಿದ್ದ ರಾಮಯ್ಯ ಇವನೇನ್ರಿ?” ಎಂದು ಕೇಳಿದರು. ಅವರು ಹಳೆಯದನ್ನು ನೋಡಿರಲಿಲ್ಲ. ಭಾನುವಾರ ಅವರು ಒಲೆಯ ಮುಂದಿರುತ್ತಿದ್ದರು; ರಾಮಯ್ಯ ಅವರಿಗೆ ಗೊತ್ತಿದ್ದದ್ದು ನಿಮ್ಮ ಬಾಯಿಂದ ಮಾತ್ರ. ಅಲ್ಲ, ಇವನಲ್ಲ ಎಂದೆ. ನಂಬಿದರೋ ಇಲ್ಲವೋ. ಇಷ್ಟು ವರ್ಷ ಗಂಡ ಇಂಥವನನ್ನು ಹೊಗಳುತ್ತಿದ್ದನೇ ಎಂದುಕೊಂಡರೆ?

ಆ ಯುವಕನನ್ನು ಬಾಗಿಲಲ್ಲಿ ತಡೆದು, ರಾಮಯ್ಯನನ್ನು ಹೀಗೇಕೆ ಮಾಡಿದಿರಿ ಎಂದು ಕೇಳಿದೆ. “ಅಂಕಲ್, ಆಜಕಲ್ ಥೋಡಾ ಫನ್ ಚಾಹಿಯೇ ನಾ,” ಈಗೀಗ ಸ್ವಲ್ಪ ಮೋಜು ಬೇಕಲ್ಲ ಎಂದು, ಶಾಲನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡ. ನಮ್ಮ ಕಾರ್ಯದರ್ಶಿ ಶೆಟ್ಟರು ನನ್ನ ತೋಳು ಹಿಡಿದರು: “ಎಂಥ ಮಾಸ್ಟ್ರೇ, ಒಂದು ಕಾಮೆಡಿ ಅಷ್ಟೇ ಅಲ್ವಾ? ಬಿಡಿ ಮಾರಾಯ್ರೆ, ಅತಿಥಿಗಳ ಹತ್ತಿರ ಜಗಳ ಬೇಡ.”

ಮರುದಿನ ಮೊಬೈಲಿನಲ್ಲಿ ಆ ಫೋಟೋ ಬಂತು. ನನ್ನ ಕೈಗಳು ಅವನ ಹೆಗಲ ಮೇಲೆ, ಮುಖದ ತುಂಬ ನಗು. ಕೆಳಗೆ ಹಿಂದಿಯಲ್ಲಿ ಬರೆದಿದ್ದಾರೆ: ಹಳೆಯ ಅಭಿಮಾನಿಗಳ ಆಶೀರ್ವಾದ. ಹೆಂಡತಿ ನೋಡಿ, “ಛಲೋ ಬಂದದ ಫೋಟೋ,” ಎಂದಳು. ಆಗಿನಿಂದ ಭಾಬಿಯ ಮನೆಯ ಓಣಿಯಲ್ಲಿ ಹಾಯುವುದನ್ನೇ ಬಿಟ್ಟಿದ್ದೇನೆ. ಗ್ರಾಫಿಕ್ಸು ಚೆನ್ನಾಗಿರಬಹುದು, ಗ್ರಹಗಳು ನಿಜವಾದ ಗ್ರಹಗಳಂತೆ ಉರುಳುತ್ತವೆ. ಅಷ್ಟು ಖರ್ಚು ಮಾಡಿ, ಮುಂದಿನ ಶತಮಾನಗಳನ್ನೆಲ್ಲ ಕಲ್ಪಿಸಿ, ಅಷ್ಟು ದೂರದ ಆಕಾಶಕ್ಕೂ ಬಾಂದ್ರಾದ ಆ “ಏ ಮದ್ರಾಸಿ”ಯನ್ನೇ ಹೊತ್ತುಕೊಂಡು ಹೋದರಲ್ಲ, ಭಾಯಿ!

ನಿಮಗೆ ತಲುಪದ ಸುದ್ದಿ ಇನ್ನೊಂದಿದೆ. ಬರುವ ಭಾನುವಾರ ಸಂಘದ ಸಭೆ. ಶೆಟ್ಟರು ಬೇಡವೆಂದರೂ ಈ ಕಾಗದವನ್ನು ಅದೇ ವೇದಿಕೆಯ ಮೇಲೆ ಗಟ್ಟಿಯಾಗಿ ಓದುತ್ತೇನೆ, ಪತ್ರಿಕೆಗೂ ಕಳಿಸುತ್ತೇನೆ. ಆದ್ದರಿಂದ ಇನ್ನು ಮುಂದಿನ ಮಾತು ನಿಮಗಲ್ಲ, ಹೊಸ ಆಕಾಶ್ ಚೌಕಿಯನ್ನು ಬರೆದವರಿಗೆ, ಬರೆಸಿದವರಿಗೆ.

ನನ್ನ ಆ ಫೋಟೋ ತೆಗೆಯಿರಿ. ನಮ್ಮ ಆಶೀರ್ವಾದ ನಿಮಗಿಲ್ಲ. ಹುಡುಗರನ್ನು ಕಳಿಸದೆ ನೀವೇ ಮಾಟುಂಗಕ್ಕೆ ಬನ್ನಿ, ಮುಂದಿನ ಸಾಲಿನಲ್ಲಿ ಕೂತ ಜೈತುನ್ ಭಾಬಿಯ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿ: ಕಪ್ತಾನನಿಗೆ ಧೈರ್ಯ ಹೇಳಿದ ಮನುಷ್ಯನಲ್ಲಿ ನಗುವಂಥದ್ದು ನಿಮಗೆ ಏನು ಕಂಡಿತು?