ನೀಲಿ ಬಳ್ಳಿಯ ತಟ್ಟೆಗಳು

ಮಾರ್ಚ್ ೧೨, ಗುರುವಾರ.

ಆಸ್ಪತ್ರೆಯಿಂದ ಬಂದು ಒಂಬತ್ತು ದಿನವಾದರೂ ನನ್ನವಳು ಮೂರು ತುತ್ತಿಗೇ ತಟ್ಟೆ ಸರಿಸುತ್ತಾಳೆ. ಇಂದು ರಾತ್ರಿಯೂಟಕ್ಕೆ ಗಾಜಿನ ಬೀರು ತೆರೆದು, ಎತ್ತಿಟ್ಟಿದ್ದ ಪಿಂಗಾಣಿ ತಟ್ಟೆ-ಬಟ್ಟಲುಗಳನ್ನು ಹೊರತೆಗೆದೆ.

"ಅದು ಬಂದೋರಿಗೆ ಇಟ್ಟಿರೋದು ಕಣ್ರೀ."

"ಯಮನ ಮನೆ ಬಾಗಿಲು ತಟ್ಟಿ ಬಂದೋಳಿಗಿಂತ ದೊಡ್ಡ ಅತಿಥಿ ಯಾರೇ?" ಎಂದು ರಂಗದ ಮೇಲಿನ ಮಹಾರಾಜನಂತೆ ಕೈ ಬೀಸಿದೆ. ಆ ರಭಸಕ್ಕೆ ಒಂದು ಬಟ್ಟಲು ಉರುಳಿ ಚೂರಾಯಿತು.

"ಮುಗೀತಾ ನಾಟಕ? ಇನ್ನು ಬಡಿಸಿ," ಅಂದಳು.

ಅದೇ ಸಪ್ಪೆ ಅನ್ನ, ಅದೇ ಬೇಯಿಸಿದ ತರಕಾರಿ. ಆದರೆ ಅಂಚಿನ ನೀಲಿ ಬಳ್ಳಿಯ ಮೇಲೆ ಬೆರಳಾಡಿಸುತ್ತ ಎರಡು ಸಲ ಹಾಕಿಸಿಕೊಂಡಳು.

ನಾಳೆಯಿಂದ ಮೂರು ಹೊತ್ತೂ ಅದರಲ್ಲೇ. ಇಡೀ ಸೆಟ್ಟು ಚೂರಾದರೂ ಸರಿ, ಅವಳು ಉಂಡರೆ ಸಾಕು. ಬೀರುವಿನ ಬೀಗದ ಕೈಯನ್ನು ಅವಳು ಕೇಳಿದರೂ ಕೊಡುವವನಲ್ಲ ನಾನು. ಕಣ್ಣು ಎಳೆಯುತ್ತಿದೆ. ಮಧ್ಯಾಹ್ನಕ್ಕೆ ಆ ಮುಚ್ಚಳದ ದೊಡ್ಡ ಬೋಗುಣಿಯನ್ನೂ ಇಳಿಸಿ...