ಬಾಗಿಲು ಹಾಕುವವಳಿಗೊಂದು ಲೇಖನ

ಭಾನುವಾರ, ಸಂಜೆ

ಕೇಳಿರಿ, ಕೇಳಿರಿ! ಮುಂದಿನ ಸಾಲಿನಲ್ಲಿ ಕಿತ್ತಾಡುತ್ತಿರುವ ಮೊಮ್ಮಕ್ಕಳೇ, ಪೇಪರಿನ ಹಿಂದೆ ಅಡಗಿದ ಅಳಿಯಂದಿರೇ, ಸೌಟು ಹಿಡಿದೇ ಓದುತ್ತಿರುವ ನನ್ನ ಮಗಳೇ! ಎಲ್ಲರಿಗೂ ಆಶೀರ್ವಾದ. ಕಾಗದ ತಡವಾಯಿತು, ಬೈಯಬೇಡಿ. ವಿಶ್ವಕೋಶದ ಕಚೇರಿಯಲ್ಲಿ ಯುದ್ಧ ನಡೆದಿತ್ತು.

ಕಟ್ಟುಕಥೆಯ ಪಾತ್ರಗಳಿಗೆ ಸ್ವಂತ ಲೇಖನ ಕೊಡುವುದೋ, ನಾಟಕದ ಲೇಖನದಲ್ಲೇ ಒಂದು ಸಾಲು ಸಾಕೋ? ಕದನ ಇಷ್ಟೇ. ನಾಟಕ ವಿಭಾಗ ನನ್ನದಲ್ಲವೇ, ನಿಮ್ಮಮ್ಮ ಇದ್ದಾಗ ರಂಗದ ಮೇಲೆ ಆಡುತ್ತಿದ್ದ ಆ ಮನೆಗೆಲಸದವಳ ಪಾತ್ರದ ಮೇಲೆ ನಾಲ್ಕು ಪುಟ ಬರೆದುಕೊಟ್ಟಿದ್ದೆ. ಹುಟ್ಟು, ಬಾಲ್ಯ, ಮೊಣಕಾಲು ನೋವು, ಒಂದನ್ನೂ ಬಿಟ್ಟಿರಲಿಲ್ಲ. ನಮ್ಮ ಸಂಪಾದಕಿ ಕನ್ನಡಕ ತೆಗೆದರು. ಕಚೇರಿಯೆಲ್ಲ ಅವರನ್ನು ಕತ್ತರಿ ಮೇಡಂ ಅನ್ನುತ್ತದೆ.

"ಸಾರ್, ಇವಳು ಹುಟ್ಟೇ ಇಲ್ಲ. ಹೀಗೇ ಬಿಟ್ರೆ ಇವಳ ಕೈಲಿ ಓಟೂ ಹಾಕಿಸ್ತೀರಿ!"

ಮೂರು ಪುಟಕ್ಕೆ ಕತ್ತರಿ ಬಿತ್ತು. ಹಾಳಾಗಲಿ ಅಂದುಕೊಂಡೆ. ಆದರೆ ಕತ್ತರಿ ಅವಳು ಬಾಗಿಲು ಹಾಕುವ ದೃಶ್ಯಕ್ಕೂ ಬಂತು. ನಾಟಕದ ಪುಸ್ತಕದಲ್ಲಿ ಇರುವುದು "ಬಾಗಿಲು ಹಾಕುತ್ತಾಳೆ" ಎಂದಷ್ಟೇ. ನಿಮ್ಮಮ್ಮ ಹೊರಗೆ ಬಗ್ಗಿ, "ಎಲ್ಲರೂ ಒಳಗೆ ಬಂದ್ರಾ?" ಎಂದು ಕೇಳಿ, ಕಾಯುತ್ತಿದ್ದಳು. ಇಡೀ ಸಭೆ ಉಸಿರು ಬಿಗಿಹಿಡಿಯುತ್ತಿತ್ತು.

"ಇದು ಪುಸ್ತಕದಲ್ಲಿ ಎಲ್ಲಿದೆ?"

"ರಂಗದ ಮೇಲಿತ್ತು, ತಾಯೀ!" ಗುಡುಗಿದೆ. ಟೀ ಲೋಟ ನಡುಗಿತು.

"ಗುಡುಗಿದ್ರೆ ಆಧಾರ ಆಗಲ್ಲ ಸಾರ್. ಅಚ್ಚಾಗಿರೋದು ಏನಾದ್ರೂ ತನ್ನಿ."

ಆ ಬಾಗಿಲು ಹೋದರೆ ನಿಮ್ಮಮ್ಮನ ಹೆಸರೂ ಹೋದಂತೆ. ಅವಳದೆಂದು ಉಳಿದದ್ದು ಅದೊಂದೇ. ಗ್ರಂಥಾಲಯದ ಹಳೆ ಪತ್ರಿಕೆಗಳಲ್ಲಿ ವಾರವಿಡೀ ಧೂಳು ಕುಡಿದೆ. ಕೊನೆಗೆ ಸಿಕ್ಕಿದ್ದು ಯಾರಿಗೆ? ಕತ್ತರಿ ಮೇಡಂಗೆ! ಒಂದು ಹಳೆಯ ವಿಮರ್ಶೆ, ಪೂರ್ತಿ ಆ ಬಾಗಿಲಿನ ಮೇಲೆಯೇ. ನನಗೆ ಹೇಳದೆ ಅವರೂ ಹುಡುಕುತ್ತಿದ್ದರಂತೆ.

ತೀರ್ಪು ಬಂತು. ಪಾತ್ರದ ಬಗ್ಗೆ ಹೊರಗಿನವರು ಬರೆದಿದ್ದರೆ ಸ್ವಂತ ಲೇಖನ, ಇಲ್ಲದಿದ್ದರೆ ಒಂದು ಸಾಲು. ಹುಟ್ಟುಸಾವು ಬೇಡ. ಸೃಷ್ಟಿಸಿದವರು ಯಾರು, ಆಡಿದವರು ಯಾರು, ನೋಡಿದವರು ಏನೆಂದರು, ಅದು ಬೇಕು. ನಮ್ಮವಳಿಗೆ ಒಂದು ಪುಟ ಸಿಕ್ಕಿದೆ, ಎರಡನೇ ಸಾಲಿನಲ್ಲೇ ನಿಮ್ಮಮ್ಮನ ಹೆಸರಿದೆ! ಎದೆಯ ಮೇಲಿನ ಬಂಡೆ ಇಳಿಯಿತು. ಹಾಯಾಗಿ ನಿದ್ದೆ ಬರುತ್ತಿದೆ. ಎಲ್ಲರೂ ಚೆನ್ನಾಗಿರಿ, ನೂರ್ಕಾಲ ಬಾಳಿ.

ಇತಿ,
ಗಂಟಲು ಇನ್ನೂ ತಗ್ಗದ
ಅಪ್ಪ

ತಾ.ಕ.: ಮಗಳೇ, ಇದನ್ನು ಗಟ್ಟಿಯಾಗಿ ಓದಬೇಡ. ಬಾಗಿಲಲ್ಲಿ ನಿಮ್ಮಮ್ಮ ಕೇಳುತ್ತಿದ್ದುದನ್ನು ಆ ವಿಮರ್ಶೆ "ನಟಿಯ ಅಪೂರ್ವ ಕಲ್ಪನೆ" ಎನ್ನುತ್ತದೆ. ಕಲ್ಪನೆಯಲ್ಲ. ನಿನಗಿಂತ ಮೊದಲು ನಮಗೊಬ್ಬ ಮಗನಿದ್ದ. ನಡೆಯಲು ಕಲಿತ ವರ್ಷವೇ ಜ್ವರದಲ್ಲಿ ಹೋದ. ಆಮೇಲೆ ನಿಮ್ಮಮ್ಮ ಮನೆಯಲ್ಲೂ ಹಾಗೆ ಕೇಳದೆ ಬಾಗಿಲು ಹಾಕಲಿಲ್ಲ. ನಾಟಕದ ಹುಚ್ಚು ಎಂದು ನೀನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ತಾನಿರುವವರೆಗೆ ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ, ನಮ್ಮ ಲೇಖನದಲ್ಲೂ ವಿಮರ್ಶೆಯ "ಕಲ್ಪನೆ" ಎಂಬ ಮಾತನ್ನು ಹಾಗೇ ಬಿಟ್ಟು, ಪುಟವನ್ನು ಅಚ್ಚಿಗೆ ಕೊಡುತ್ತೇನೆ.