ಹೊಟ್ಟೆ ಸೀಳಿದ ‘ಷ’

ಚಿರಂಜೀವಿ ಮಗಳಿಗೆ, ಪಕ್ಕದ ಕೋಣೆಯಿಂದ ಅಪ್ಪ ಬರೆಯುವುದು.

ನೀನು ಮಾತು ಬಿಟ್ಟು ಇಂದಿಗೆ ಒಂಬತ್ತು ದಿನ. ಬಾಗಿಲು ತಟ್ಟುವ ಧೈರ್ಯ ನನಗಿಲ್ಲವಾದ್ದರಿಂದ ಈ ಕಾಗದ.

ಆರು ವರ್ಷ ನೀನು ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದೆ. ತಿಳಿಯದ ಉತ್ತರವನ್ನು ಊಹಿಸಿ ಅಂಕ ಕಳೆದುಕೊಳ್ಳಬಾರದೆಂಬುದನ್ನೂ ಕಲಿತೆ. ವಯೋಮಿತಿಯ ಪ್ರಕಾರ ಸರ್ಕಾರಿ ನೌಕರಿಗೆ ಇದೇ ನಿನ್ನ ಕಡೆಯ ಅವಕಾಶವಾಗಿತ್ತು. ಅರ್ಜಿ ತುಂಬುವಾಗ ನೀನು ಫೋಟೊ ತರಲು ಎದ್ದು ಹೋದೆ. ನಾನು ಕನ್ನಡಕ ಏರಿಸಿಕೊಂಡು, ನಿನ್ನ ಹೆಸರಿನ ‘ಶ’ವನ್ನು ಅಳಿಸಿ, ಶುದ್ಧರೂಪವೆಂದು ಹೊಟ್ಟೆ ಸೀಳಿದ ‘ಷ’ ಮಾಡಿದೆ. ಅಂಕಪಟ್ಟಿಯ ಹೆಸರಿಗೆ ಹೊಂದುವುದಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು.

“ನಿಮ್ಗೆ ಅಕ್ಷರ ಸರಿಯಾಗಿದ್ರೆ ಸಾಕು, ಅಲ್ವಾಪ್ಪ? ನಾನು ಹಾಳಾಗಿ ಹೋದ್ರೂ ಪರವಾಗಿಲ್ಲ” ಎಂದೆ ನೀನು. ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಮೊದಲು ನಿನ್ನ ಹೆಸರನ್ನು ತಪ್ಪಾಗಿ ಬರೆದವನು ಶಾಲೆಯ ಗುಮಾಸ್ತನೇ ಎಂದುಕೊಂಡು, ಅವನನ್ನು ತರಾಟೆಗೆ ತೆಗೆದುಕೊಳ್ಳಲು ನಿನ್ನೆ, ನಾನು ಮೇಷ್ಟ್ರಾಗಿದ್ದ ನಮ್ಮ ಶಾಲೆಗೆ ಹೋಗಿದ್ದೆ. ಅವನು ನೀನು ಒಂದನೆಯ ತರಗತಿಗೆ ಸೇರಿದ ವರ್ಷದ ದಾಖಲೆ ಪುಸ್ತಕ ತೆಗೆದು ತೋರಿಸಿದ. ‘ಶ’ ಎಂದೇ ಇದೆ. ಕೈಬರಹ ನನ್ನದು. ಅಂದು ನೀನು ನನ್ನ ತೋಳು ಜಗ್ಗುತ್ತಾ “ಬೇಗ ಬರೀರಿ ಮೇಷ್ಟ್ರೇ” ಎನ್ನುತ್ತಿದ್ದೆ. ನಾನು ನಗುತ್ತಲೇ ಬರೆದಿದ್ದೆ.

ಮೇಜಿನ ಮೇಲೆ ಊಟ ಮುಚ್ಚಿಟ್ಟಿದ್ದೇನೆ, ಆರುವುದರೊಳಗೆ ಉಣ್ಣು. ಒಂದು ಗಂಟೆ ಹೊರಗಿರುತ್ತೇನೆ. ನನ್ನ ಮುಖ ನೋಡಬೇಕಾಗುವುದಿಲ್ಲ.

ಲಕೋಟೆಯ ಮೇಲೆ ನಿನ್ನ ಹೆಸರನ್ನು ‘ಶ’ದಿಂದಲೇ ಬರೆದಿದ್ದೇನೆ.

ಇಂತು,
ನಿನ್ನ ಅಪ್ಪ